ಜಪಾನಿನ ಮೂಕಿ ಚಿತ್ರಗಳು ಯಾವತ್ತೂ ಮೂಕವಾಗಿರಲಿಲ್ಲ

ಪ್ರಶ್ನೆ: ಇತ್ತೀಚೆಗೆ ನಿರ್ದೇಶಕ ಓಝು ಅವರ 1934ರ ಒಂದು ಜಪಾನಿ ಸಿನಿಮಾ ನೋಡಿದೆ. ಮಾತಿಲ್ಲ, ಸಂಗೀತವೂ ಇಲ್ಲ, ಪೂರ್ತಿ ನಿಶ್ಶಬ್ದ. ಅಮೆರಿಕದಲ್ಲಿ 1927ರಲ್ಲೇ ಟಾಕಿ ಬಂದಿತ್ತಲ್ಲ, ಜಪಾನಿನವರು ಯಾಕೆ ಇಷ್ಟು ತಡ ಮಾಡಿದರು? ಪರದೆ ಪಕ್ಕ ಒಬ್ಬ ನಿಂತು ಕಥೆ ಹೇಳುತ್ತಿದ್ದ, ಅವನ ದೆಸೆಯಿಂದಲೇ ತಡವಾಯಿತು ಅಂತ ಸ್ನೇಹಿತರೊಬ್ಬರು ಹೇಳಿದರು. ನಿಜವಾ? ಜನರಿಗೆ ಓದಲು ಬರುತ್ತಿರಲಿಲ್ಲ ಅಂತ ಅವನನ್ನು ಇಟ್ಟುಕೊಂಡಿದ್ದರಾ? ಇಂಥ ಸಿನಿಮಾಗಳನ್ನು ಎಲ್ಲಿಂದ ನೋಡಲು ಶುರು ಮಾಡಬೇಕು?

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ನೀವು ನೋಡಿದ್ದು ಅರ್ಧ ಸಿನಿಮಾ. ತಪ್ಪು ನಿಮ್ಮದಲ್ಲ. ನಿಮಗೆ ಸಿಕ್ಕ ಕಾಪಿಯಲ್ಲಿ ಬರೀ ಚಿತ್ರ ಇದೆ, ಉಳಿದರ್ಧ ರೀಲಿನಲ್ಲಿ ಇರಲೇ ಇಲ್ಲ. ಅದು ಥಿಯೇಟರಿನಲ್ಲಿತ್ತು. 1934ರಲ್ಲಿ ದುಡ್ಡು ಕೊಟ್ಟು ಆ ಸಿನಿಮಾ ನೋಡಿದ ಜಪಾನಿನ ಪ್ರೇಕ್ಷಕ ಅದನ್ನು ನೀವು ನೋಡಿದ ಹಾಗೆ ಪಿನ್ ಡ್ರಾಪ್ ಮೌನದಲ್ಲಿ ನೋಡಿರಲಿಲ್ಲ. ಪರದೆಯ ಪಕ್ಕ ಒಬ್ಬ ನಿಂತು ಗಂಡಸು, ಹೆಂಗಸು, ಮಗು, ಮುದುಕ ಎಲ್ಲರ ಮಾತನ್ನೂ ತಾನೇ ಆಡುತ್ತಿದ್ದ, ನಡುವೆ ಕಥೆಯನ್ನೂ ಹೇಳುತ್ತಿದ್ದ, ಕೆಳಗೆ ವಾದ್ಯದವರು ನುಡಿಸುತ್ತಿದ್ದರು. ಅವನ ಹೆಸರು ಬೆನ್ಶಿ. ಮಾತುಗಾರ ಅಂತ ಅರ್ಥ.

ನಿಮ್ಮ ಆಶ್ಚರ್ಯ ಮಾತ್ರ ಸರಿಯಾದದ್ದೇ. ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ ಬಂದದ್ದೂ ಅದೇ 1934ರಲ್ಲಿ. ನಾವು ಆಗಷ್ಟೇ ಸಿನಿಮಾಕ್ಕೆ ಕೈ ಹಾಕಿದವರು, ಮಾತಾಡುವ ಸಿನಿಮಾ ಮಾಡಿಬಿಟ್ಟಿದ್ದೆವು. ಅವರು ವರ್ಷಕ್ಕೆ ನೂರಾರು ಸಿನಿಮಾ ತೆಗೆಯುವವರು, ಇನ್ನೂ ಮೂಕಿ ತೆಗೆಯುತ್ತಿದ್ದರು. ಇದಕ್ಕೆ ಬೆನ್ಶಿ ಕಾರಣವಾ ಅಂದರೆ ನಿಮ್ಮ ಸ್ನೇಹಿತರು ಹೇಳಿದ್ದು ಅರ್ಧ ನಿಜ. ಉಳಿದರ್ಧಕ್ಕೆ ಆಮೇಲೆ ಬರುತ್ತೇನೆ.

ಓದಲು ಬಾರದ ಜನಕ್ಕಾಗಿ ಬೆನ್ಶಿ ಇದ್ದ ಅನ್ನುವುದನ್ನು ಮಾತ್ರ ದಯವಿಟ್ಟು ತಲೆಯಿಂದ ತೆಗೆದುಹಾಕಿ. ಇದನ್ನು ಬಹಳ ಕಡೆ ಓದಿದ್ದೇನೆ, ಓದಿದಾಗಲೆಲ್ಲ ಸಿಟ್ಟು ಬರುತ್ತದೆ. 1910ರ ಹೊತ್ತಿಗೇ ಜಪಾನಿನಲ್ಲಿ ಹತ್ತು ಮಕ್ಕಳಲ್ಲಿ ಒಂಬತ್ತಕ್ಕೂ ಜಾಸ್ತಿ ಮಕ್ಕಳು ಶಾಲೆಗೆ ಹೋಗುತ್ತಿದ್ದರು. ಪೇಪರು, ಪತ್ರಿಕೆ ಲಕ್ಷಗಟ್ಟಲೆ ಮಾರಾಟವಾಗುತ್ತಿದ್ದ ದೇಶ ಅದು. ಪರದೆ ಮೇಲಿನ ನಾಲ್ಕು ಸಾಲು ಓದಲು ಅವರಿಗೆ ಯಾರೂ ಬೇಕಿರಲಿಲ್ಲ. ವಿದೇಶಿ ಸಿನಿಮಾದ ಇಂಗ್ಲಿಷ್ ಸಾಲುಗಳನ್ನು ಯಾರಾದರೂ ಜಪಾನಿಯಲ್ಲಿ ಹೇಳಬೇಕಿತ್ತು, ಅದು ಸರಿ. ಆದರೆ ಜಪಾನಿ ಸಿನಿಮಾಕ್ಕೂ ಬೆನ್ಶಿ ಇದ್ದನಲ್ಲ! ಜನ ಅವನನ್ನು ಕೇಳಲೆಂದೇ ಬರುತ್ತಿದ್ದರು, ಅಷ್ಟೇ ವಿಷಯ.

ಶುರುವಿನಿಂದ ಹೇಳಿದರೆ ಅರ್ಥವಾಗುತ್ತದೆ. 1896ರ ನವೆಂಬರಿನಲ್ಲಿ ಕೋಬೆ ಊರಿಗೆ ಎಡಿಸನ್ ಕಂಪನಿಯ ಕೈನೆಟೋಸ್ಕೋಪ್ ಬಂತು. ಒಬ್ಬೊಬ್ಬರೇ ಬಗ್ಗಿ ಕಿಂಡಿಯೊಳಗೆ ನೋಡಬೇಕಾದ ಪೆಟ್ಟಿಗೆ. ಮೂರು ತಿಂಗಳಿಗೆ, 1897ರ ಫೆಬ್ರವರಿಯಲ್ಲಿ, ಕ್ಯೋಟೊದ ಜವಳಿ ವ್ಯಾಪಾರಿ ಇನಾಬಾತಾ ಕತ್ಸುತಾರೋ ಲುಮಿಯೇರ್ ಸಹೋದರರ ಯಂತ್ರ ತಂದು ಒಸಾಕಾದಲ್ಲಿ ಪರದೆ ಮೇಲೆ ತೋರಿಸಿದ. ಹಿಂದೆ ಫ್ರಾನ್ಸಿನ ಲಿಯೋನ್‌ನಲ್ಲಿ ಓದುವಾಗ ಲುಮಿಯೇರ್ ಅಣ್ಣನ ಪರಿಚಯ ಅವನಿಗಿತ್ತು. ಸರಿ, ಯಂತ್ರ ಬಂತು, ಜನ ಬಂದರು. ತೋರಿಸಲು ಇದ್ದದ್ದು ಏನು? ಒಂದೊಂದು ನಿಮಿಷವೂ ಇಲ್ಲದ ತುಣುಕುಗಳು. ಕಾಸು ಕೊಟ್ಟು ಒಳಗೆ ಬಂದವನನ್ನು ಹತ್ತು ನಿಮಿಷಕ್ಕೆ ಮನೆಗೆ ಕಳಿಸಲಾದೀತಾ? ಒಂದು ತುಣುಕು ತೆಗೆದು ಇನ್ನೊಂದು ಹಾಕುವುದೂ ತಡ. ಅದಕ್ಕೇ ಒಬ್ಬ ಮಾತುಗಾರನನ್ನು ನಿಲ್ಲಿಸಿದರು. ಎಡಿಸನ್ ಯಾರು, ಯಂತ್ರ ಹೇಗೆ ಓಡುತ್ತದೆ, ಈಗ ಕಾಣುವ ಊರು ಯಾವುದು, ಅಲ್ಲಿಯ ಜನ ಏನು ತಿನ್ನುತ್ತಾರೆ, ಹೀಗೆ ಹೇಳುತ್ತ ಹೊತ್ತು ತುಂಬಿಸುವುದು ಅವನ ಕೆಲಸ.

ಆ ಕಾಲದ ಒಂದು ಪ್ರಸಂಗ ನನಗೆ ಬಹಳ ಇಷ್ಟ. ಎಡಿಸನ್ ಕಂಪನಿಯ ಒಂದು ತುಣುಕಿನಲ್ಲಿ ಗಂಡು ಹೆಣ್ಣು ಮುತ್ತಿಡುವುದೊಂದೇ ಇರುವುದು, ಹೆಚ್ಚೆಂದರೆ ಇಪ್ಪತ್ತು ಸೆಕೆಂಡು. ಅದರ ಎರಡು ತುದಿ ಸೇರಿಸಿ ಹೊಲಿದು ಸುತ್ತಿ ಸುತ್ತಿ ತೋರಿಸುತ್ತಿದ್ದರು. ಅಂದರೆ ಅವರಿಬ್ಬರು ಬಿಡದೆ ಮುತ್ತಿಡುತ್ತಲೇ ಇರುತ್ತಾರೆ! 1890ರ ದಶಕದ ಜಪಾನಿನಲ್ಲಿ ನಾಲ್ಕು ಜನರ ಎದುರು ಇದು ಆಗದ ಮಾತು. ಒಸಾಕಾದ ಮಾತುಗಾರ ಏನು ಹೇಳಿದ ಗೊತ್ತಾ? ನಾವು ಎದುರಾದವರ ಭುಜ ತಟ್ಟಿ ಮಾತಾಡಿಸುವುದಿಲ್ಲವೇ, ಪಶ್ಚಿಮದವರು ಹೀಗೆ ಮಾತಾಡಿಸುತ್ತಾರೆ, ಇದು ಅವರ ನಮಸ್ಕಾರ! ಚಿತ್ರ ಅದೇ, ಅರ್ಥವೇ ಬೇರೆ. ಬೆನ್ಶಿಯ ಇಡೀ ಕಸುಬು ಈ ಒಂದು ಮಾತಿನಲ್ಲಿದೆ ಅಂತ ನನಗೆ ಅನ್ನಿಸುತ್ತದೆ.

ಜಪಾನಿನ ಜನಕ್ಕೆ ಇದೇನೂ ಹೊಸದಲ್ಲ. ಅವರ ಗೊಂಬೆಯಾಟ ಬುನ್ರಾಕುವಿನಲ್ಲಿ ಗೊಂಬೆ ಆಡಿಸುವವರು ಬೇರೆ, ಪಕ್ಕದಲ್ಲಿ ಕೂತು ಎಲ್ಲ ಪಾತ್ರಗಳ ಮಾತು ಹೇಳುವ ತಾಯೂ ಬೇರೆ. ಜನ ಗೊಂಬೆಯನ್ನೂ ನೋಡುತ್ತಾರೆ, ತಾಯೂನ ಮುಖವನ್ನೂ ನೋಡುತ್ತಾರೆ. ಒಬ್ಬನೇ ಕೂತು ಕಥೆ ಹೇಳುವ ರಾಕುಗೋ, ಕೋದಾನ್ ಕೂಡ ಇದ್ದವು. ಅವರ ಕಣ್ಣಿಗೆ ಪರದೆ ಮೇಲಿನ ಬೊಂಬೆಗಳು ಸುಮ್ನೆ ಓಡಾಡುವುದೇ ವಿಚಿತ್ರವಾಗಿ ಕಂಡಿರಬೇಕು. ನಮಗೂ ಇದು ಅರ್ಥವಾಗದ್ದಲ್ಲ. ತಾಳಮದ್ದಳೆಗೆ ಹೋಗುವವರು ಪ್ರಸಂಗ ಯಾವುದು ಅಂತ ಕೇಳುವುದಕ್ಕಿಂತ ಅರ್ಥ ಹೇಳುವವರು ಯಾರು ಅಂತ ಜಾಸ್ತಿ ಕೇಳುತ್ತಾರೆ, ಅಲ್ವಾ? ಟೋಕಿಯೋದಲ್ಲೂ ಅದೇ. ಈ ವಾರ ಯಾವ ಸಿನಿಮಾ ಅನ್ನುವುದಕ್ಕಿಂತ ಯಾವ ಬೆನ್ಶಿ ಅನ್ನುವುದು ಮುಖ್ಯ. ಪೋಸ್ಟರಿನಲ್ಲಿ ಅವನ ಹೆಸರು ದೊಡ್ಡದಾಗಿ ಇರುತ್ತಿತ್ತು.

ನಮ್ಮ ಮನೆಯಲ್ಲೂ ಒಬ್ಬ ಬೆನ್ಶಿ ಇದ್ದರು ಅಂತ ನನಗೆ ಗೊತ್ತಾದದ್ದು ಈ ವಿಷಯ ಓದಿದ ಮೇಲೆ. ದೂರದರ್ಶನದಲ್ಲಿ ಹಿಂದಿ ರಾಮಾಯಣ ಬರುವಾಗ ಅಜ್ಜಿಗೆ ಹಿಂದಿ ಬಾರದು. ಚಿಕ್ಕಪ್ಪ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಿದ್ದರು. ಚಿಕ್ಕಪ್ಪನಿಗೂ ಹಿಂದಿ ಅಷ್ಟಕ್ಕಷ್ಟೇ ಅನ್ನುವುದು ಬೇರೆ ವಿಷಯ. ಕೈಕೇಯಿ ಬಾಯಲ್ಲಿ ನಮ್ಮ ಓಣಿಯ ಬೈಗುಳ ಬರುತ್ತಿತ್ತು, ಅಜ್ಜಿ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದರು. ಚಿಕ್ಕಪ್ಪ ಊರಿಗೆ ಹೋದ ವಾರ ಅಜ್ಜಿ ಟಿವಿ ಮುಂದೆ ಕೂರುತ್ತಲೇ ಇರಲಿಲ್ಲ.

ಈಗ ಥಿಯೇಟರಿನ ಒಳಗೆ ಹೋಗೋಣ. 1903ರಲ್ಲಿ ಟೋಕಿಯೋದ ಅಸಾಕುಸಾದಲ್ಲಿ ದೆಂಕಿಕಾನ್ ಅನ್ನುವ ಜಾಗ ಸಿನಿಮಾಕ್ಕೆಂದೇ ಮೀಸಲಾಯಿತು, ದೇಶದ ಮೊದಲ ಕಾಯಂ ಚಿತ್ರಮಂದಿರ. ಮುಂದಿನ ಇಪ್ಪತ್ತು ವರ್ಷದಲ್ಲಿ ಇಂಥವು ಊರೂರಿಗೂ ಬಂದವು. ನೀವು ಕೂತ ಕಡೆಯಿಂದ ಪರದೆಯ ಎಡಗಡೆಗೆ ಒಂದು ಚಿಕ್ಕ ಮೇಜು, ಅದರ ಮೇಲೆ ಮಂದವಾದ ದೀಪ, ಮುಂದೆ ಸ್ಕ್ರಿಪ್ಟು. ಬೆನ್ಶಿ ಬಂದು ಬಗ್ಗಿ ವಂದಿಸುತ್ತಾನೆ. ಜನ ಅವನ ಹೆಸರು ಹಿಡಿದು ಕೂಗುತ್ತಾರೆ. ವಿದೇಶಿ ಸಿನಿಮಾ ಆದರೆ ಕೋಟು, ಜಪಾನಿ ಸಿನಿಮಾ ಆದರೆ ಕಿಮೋನೊ. ಕೊಮಾದಾ ಕೋಯೋ ಅನ್ನುವ ಹಳೇ ಬೆನ್ಶಿ ಮಾತು ಮಾತಿಗೂ ‘ಸುಕೊಬುರು ಹಿಜೋ’ ಅನ್ನುತ್ತಿದ್ದ. ‘ಭಾರೀ ಅಂದರೆ ಭಾರೀ’ ಅಂದ ಹಾಗೆ. ಅದೇ ಅವನ ಅಡ್ಡಹೆಸರಾಗಿ ಹೋಯಿತು. ಆಗ ಪ್ರೊಜೆಕ್ಟರ್ ಕೈಯಲ್ಲಿ ತಿರುಗಿಸುವುದು. ಬೆನ್ಶಿಯ ಕೈಗೆ ಸಿಗುವ ಹಾಗೆ ಒಂದು ಗುಂಡಿ ಇರುತ್ತಿತ್ತು, ಒತ್ತಿದರೆ ಮೇಲಿನ ಕೋಣೆಯಲ್ಲಿ ಸದ್ದು. ಅಳುವ ಸೀನಿನಲ್ಲಿ ಮಾತು ಇನ್ನೂ ಮುಗಿದಿಲ್ಲ ಅಂದರೆ ನಿಧಾನ ಮಾಡು ಅಂತ ಸನ್ನೆ. ಅಂದರೆ ಸಿನಿಮಾ ಎಷ್ಟು ಜೋರಾಗಿ ಓಡಬೇಕು ಅನ್ನುವುದೂ ಅವನ ಕೈಯಲ್ಲೇ. ನಿರ್ದೇಶಕ ಯಾವ ಮೂಲೆ?

ಈ ಅಧಿಕಾರ ಎಲ್ಲಿಯವರೆಗೆ ಹೋಗಬಹುದು ಅನ್ನುವುದಕ್ಕೆ 1908ರ ಒಂದು ಕಥೆ ಹೇಳುತ್ತಾರೆ. ಫ್ರಾನ್ಸಿನಿಂದ ದೊರೆ 16ನೇ ಲೂಯಿಯ ಬಗ್ಗೆ ಒಂದು ಸಿನಿಮಾ ಬಂತು. ಜನ ದಂಗೆ ಎದ್ದು ದೊರೆಯನ್ನು ಕೆಳಗಿಳಿಸುವ ಕಥೆ. ಚಕ್ರವರ್ತಿ ಇರುವ ದೇಶದಲ್ಲಿ ಇದು ನಡೆಯುತ್ತಾ? ಪೊಲೀಸರು ಬೇಡ ಅಂದರು. ಮಾರನೇ ದಿನ ಅದೇ ಥಿಯೇಟರಿನಲ್ಲಿ ‘ಗುಹೆಯ ರಾಜ’ ಅಂತ ಒಂದು ಅಮೆರಿಕನ್ ಕಥೆ! ರೀಲು ಅದೇ. ಲೂಯಿ ಈಗ ರಾಕಿ ಪರ್ವತದ ದರೋಡೆಕೋರರ ನಾಯಕ. ಬಾಸ್ಟೀಲ್ ಕೋಟೆಗೆ ನುಗ್ಗುವ ಜನ ಈಗ ಪೊಲೀಸರ ಜತೆ ಸೇರಿ ಕಳ್ಳರನ್ನು ಹಿಡಿಯುವ ಒಳ್ಳೇ ನಾಗರಿಕರು. ಒಂದು ಫ್ರೇಮನ್ನೂ ಕತ್ತರಿಸದೆ ಬರೀ ಬಾಯಿಂದ ಕ್ರಾಂತಿಯನ್ನೇ ಉಲ್ಟಾ ಮಾಡಿಟ್ಟರು. ನಾನು ಇದನ್ನು ಮೊದಲು ಓದಿದಾಗ ಜೋರಾಗಿ ನಕ್ಕಿದ್ದೆ, ಆಮೇಲೆ ಸ್ವಲ್ಪ ಹೆದರಿಕೆಯೂ ಆಯಿತು.

ಪೊಲೀಸರೂ ದಡ್ಡರಲ್ಲ. ಚಿತ್ರವನ್ನು ಮಾತ್ರ ಸೆನ್ಸಾರ್ ಮಾಡಿದರೆ ಸಾಲದು, ಮಾತನ್ನೂ ಮಾಡಬೇಕು ಅಂತ ಗೊತ್ತಾಯಿತು. 1917ರಲ್ಲಿ ಟೋಕಿಯೋ ಪೊಲೀಸರು ಬೆನ್ಶಿಗಳಿಗೆ ಲೈಸೆನ್ಸ್ ಕಡ್ಡಾಯ ಮಾಡಿದರು. ಗಂಡಸರು ಹೆಂಗಸರು ಬೇರೆ ಬೇರೆ ಕೂರಬೇಕು ಅನ್ನುವ ನಿಯಮವೂ ಅದೇ ಹೊತ್ತಿಗೆ ಬಂತು. 1925ರಲ್ಲಿ ಇಡೀ ದೇಶಕ್ಕೆ ಒಂದೇ ಸೆನ್ಸಾರ್ ಆದಾಗ ಸಿನಿಮಾದ ಜತೆ ಬೆನ್ಶಿ ಹೇಳುವ ಮಾತಿನ ಪ್ರತಿಯನ್ನೂ ಕೊಡಬೇಕಾಯಿತು. ಒಂದು ಲೆಕ್ಕದಲ್ಲಿ ಒಳ್ಳೇದೇ ಆಯಿತು. ಎಷ್ಟೋ ಸಿನಿಮಾಗಳ ರೀಲು ಇವತ್ತು ಇಲ್ಲ, ಆ ಪ್ರತಿಗಳಿಂದ ಕಥೆಯಾದರೂ ಗೊತ್ತಾಗುತ್ತದೆ.

ಬೆನ್ಶಿಯಿಂದ ಸಿನಿಮಾಕ್ಕೆ ನಷ್ಟವಾಯಿತಾ? ಆಯಿತು, ಸುಳ್ಳು ಹೇಳಬಾರದು. 1910ರ ದಶಕದ ಹೆಚ್ಚಿನ ಜಪಾನಿ ಸಿನಿಮಾ ಅಂದರೆ ದೂರದಲ್ಲಿ ಕ್ಯಾಮೆರಾ ಇಟ್ಟು ನಾಟಕ ಹಿಡಿದಿಟ್ಟ ಹಾಗೆ. ಮುಖ ಹತ್ತಿರದಿಂದ ತೋರಿಸುವ ಅಗತ್ಯವೇನು? ಅವನಿಗೆ ಏನನ್ನಿಸುತ್ತಿದೆ ಅಂತ ಬೆನ್ಶಿ ಹೇಳುತ್ತಾನಲ್ಲ. ಶಾಟ್ ಬೇಗ ಬೇಗ ಬದಲಾದರೆ ಬೆನ್ಶಿಗೇ ತೊಂದರೆ, ಒಂದು ಪಾತ್ರದ ದನಿಯಿಂದ ಇನ್ನೊಂದಕ್ಕೆ ಹಾರಲು ಉಸಿರು ಸಾಲದು. ಜಪಾನಿನ ಹಳೇ ನಾಟಕ ಕಬುಕಿಯ ರೂಢಿಯಂತೆ ಹೆಣ್ಣು ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದರು, ಇದು 1920ರ ದಶಕದ ಆರಂಭದವರೆಗೂ ನಡೆಯಿತು. ದನಿ ಹೇಗೂ ಬೆನ್ಶಿಯದು, ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ. ಕಯೆರಿಯಾಮಾ ನೊರಿಮಾಸಾ ಮತ್ತಿತರರಿಗೆ ಇದೆಲ್ಲ ಸಹಿಸಲಾಗಲಿಲ್ಲ. ಸಿನಿಮಾ ಅಂದರೆ ಚಿತ್ರವೇ ಮಾತಾಡಬೇಕು, ಕ್ಲೋಸಪ್ ಬೇಕು, ಹೆಣ್ಣಿನ ಪಾತ್ರಕ್ಕೆ ಹೆಣ್ಣೇ ಬೇಕು ಅಂತ ಒಂದು ಚಳವಳಿಯನ್ನೇ ಮಾಡಿದರು. ಕಬುಕಿ ನಡೆಸುತ್ತಿದ್ದ ಶೋಚಿಕು ಕಂಪನಿ 1920ರಲ್ಲಿ ಸಿನಿಮಾಕ್ಕೆ ಇಳಿದಾಗ ಈ ಗಾಳಿ ಜೋರಾಯಿತು. ಮುರಾತಾ ಮಿನೋರು ಅವರ 1921ರ ‘ರೋಜೋ ನೋ ರೇಯಿಕೋನ್’ ನೋಡಿ. ಹಿಮದ ದಾರಿಯಲ್ಲಿ ಹಸಿದು ಬರುವ ಮಗನ ಸಂಸಾರದ ಕಥೆ ಒಂದು ಕಡೆ, ಜೈಲಿನಿಂದ ಬಿಟ್ಟು ಬಂದ ಇಬ್ಬರ ಕಥೆ ಇನ್ನೊಂದು ಕಡೆ. ಎರಡನ್ನೂ ಹೆಣೆದಿರುವ ರೀತಿಯಲ್ಲಿ ಅಮೆರಿಕದ ಪಾಠ ಎದ್ದು ಕಾಣುತ್ತದೆ.

ತಮಾಷೆ ಏನೆಂದರೆ ಸಿನಿಮಾ ಬದಲಾದರೂ ಬೆನ್ಶಿ ಹೋಗಲಿಲ್ಲ, ಅವನೂ ಬದಲಾದ. ಮೊದಲೆಲ್ಲ ಸಿನಿಮಾ ಶುರುವಾಗುವ ಮುಂಚೆ ಉದ್ದಕ್ಕೆ ಪೀಠಿಕೆ ಹಾಕುತ್ತಿದ್ದರು, ಕಥೆ ಪೂರ್ತಿ ಅಲ್ಲೇ ಹೇಳಿಬಿಡುತ್ತಿದ್ದರು. ಅದು ನಿಂತಿತು. ತೊಕುಗಾವಾ ಮುಸೇಯಿ ಅನ್ನುವವನು ಬಂದ. ವಿದೇಶಿ ಸಿನಿಮಾಗಳಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಕೂಗಾಟ ಇಲ್ಲ, ಅಳಿಸುವ ರಾಗ ಇಲ್ಲ. ಮೆಲ್ಲಗೆ ನಾಲ್ಕು ಮಾತು, ಆಮೇಲೆ ಮೌನ. ಆ ಮೌನಕ್ಕೇ ಅವನಿಗೆ ಹೆಸರು ಬಂದದ್ದು. ನಿರ್ದೇಶಕ ಕಿನುಗಾಸಾ 1926ರಲ್ಲಿ ‘ಕುರುತ್ತಾ ಇಪ್ಪೇಜಿ’ ಅಂತ ಹುಚ್ಚಾಸ್ಪತ್ರೆಯ ಒಳಗೆ ನಡೆಯುವ ಸಿನಿಮಾ ಮಾಡಿದಾಗ ಬರಹದ ಒಂದು ಸಾಲನ್ನೂ ಹಾಕಲಿಲ್ಲ. ಬರೀ ಚಿತ್ರ, ಅದೂ ತಲೆ ತಿರುಗುವ ಹಾಗೆ ಒಂದರ ಮೇಲೊಂದು. ಟೋಕಿಯೋದಲ್ಲಿ ಅದಕ್ಕೆ ಮಾತು ಹೇಳಿದ್ದು ಮುಸೇಯಿ. ಕಳೆದೇಹೋಯಿತು ಅಂದುಕೊಂಡಿದ್ದ ಆ ಸಿನಿಮಾದ ರೀಲು 1971ರಲ್ಲಿ ಕಿನುಗಾಸಾನ ಮನೆಯ ಉಗ್ರಾಣದಲ್ಲೇ ಸಿಕ್ಕಿತು. ಈಗ ನೋಡುವವರು ಅರ್ಥವೇ ಆಗುವುದಿಲ್ಲ ಅನ್ನುತ್ತಾರೆ. ಹೇಗಾಗಬೇಕು? ಅರ್ಥ ಹೇಳುವವನೇ ಇಲ್ಲವಲ್ಲ.

1927ರ ಹೊತ್ತಿಗೆ ದೇಶದಲ್ಲಿ ಸುಮಾರು 6,800 ಬೆನ್ಶಿಗಳಿದ್ದರು, ಅವರಲ್ಲಿ 180 ಜನ ಹೆಂಗಸರು. ಅದೇ ವರ್ಷ ಅಮೆರಿಕದಲ್ಲಿ ಸಿನಿಮಾ ಬಾಯಿ ಬಿಟ್ಟಿತು.

ಇಲ್ಲಿ ನಿಮ್ಮ ಮುಖ್ಯ ಪ್ರಶ್ನೆ. 1929ರಲ್ಲಿ ಅಮೆರಿಕದ ಟಾಕಿಗಳು ಟೋಕಿಯೋಕ್ಕೆ ಬಂದವು. ಇಂಗ್ಲಿಷ್ ಮಾತು ಯಾರಿಗೆ ಅರ್ಥವಾಗಬೇಕು? ಅದಕ್ಕೆ ಸೌಂಡ್ ಕಮ್ಮಿ ಮಾಡಿ ಬೆನ್ಶಿ ಅದರ ಮೇಲೆ ಮಾತಾಡಿದ. ಪರದೆ ಮೇಲೆ ಒಬ್ಬ ಮಾತಾಡುತ್ತಿದ್ದಾನೆ, ಪಕ್ಕದಲ್ಲಿ ಇನ್ನೊಬ್ಬ ಮಾತಾಡುತ್ತಿದ್ದಾನೆ, ಯಾರನ್ನೂ ಸರಿಯಾಗಿ ಕೇಳುವ ಹಾಗಿಲ್ಲ. ಜನ ಗೊಣಗಿದರು. 1931ರ ಫೆಬ್ರವರಿಯಲ್ಲಿ ‘ಮೊರಾಕ್ಕೊ’ ಸಿನಿಮಾ ಪರದೆಯ ಮೇಲೇ ಜಪಾನಿ ಸಾಲುಗಳನ್ನು ಹೊತ್ತು ಬಂತು, ಚೆನ್ನಾಗಿ ಓಡಿತು. ನಾವು ಈಗ ಸಬ್‌ಟೈಟಲ್ ಅನ್ನುತ್ತೇವಲ್ಲ, ಅದು. ವಿದೇಶಿ ಸಿನಿಮಾ ನಂಬಿಕೊಂಡಿದ್ದ ಬೆನ್ಶಿಗಳ ಅನ್ನಕ್ಕೆ ಅಲ್ಲೇ ಕಲ್ಲು ಬಿತ್ತು. ಅದೇ ವರ್ಷ ಆಗಸ್ಟಿನಲ್ಲಿ ಶೋಚಿಕುವಿನ ಗೋಶೊ ಹೆಯಿನೊಸುಕೆ ಮೊದಲ ಯಶಸ್ವಿ ಪೂರ್ಣ ಟಾಕಿ ತಂದ. ಕಥೆ ಆರಿಸಿದ್ದೇ ಜಾಣತನ: ಬರೆಯಲು ಕೂತ ನಾಟಕಕಾರನಿಗೆ ಗಲಾಟೆ ಕಾಟ. ಮನೆಯಲ್ಲಿ ಮಕ್ಕಳ ರಗಳೆ, ಪಕ್ಕದ ಮನೆಯಲ್ಲಿ ಜಾಜ್ ಬ್ಯಾಂಡು. ಹೊಸದಾಗಿ ಸಿಕ್ಕ ಸದ್ದನ್ನೆಲ್ಲ ಕಥೆಯಲ್ಲೇ ತೂರಿಸಿದರು.

ಹಾಗಾದರೆ 1932ಕ್ಕೆ ಮೂಕಿ ಮುಗಿಯಬೇಕಿತ್ತು. ಮುಗಿಯಲಿಲ್ಲ, 1935-36ರವರೆಗೂ ಎಳೆಯಿತು. ಬೆನ್ಶಿಗಳು ಮುಷ್ಕರ ಮಾಡಿ ತಡೆದರು ಅನ್ನುವುದು ಸುಲಭದ ಉತ್ತರ. 1932ರಲ್ಲಿ ದೊಡ್ಡ ಮುಷ್ಕರಗಳಾದದ್ದು ನಿಜ. ಆದರೆ ಆ ಹೋರಾಟದಲ್ಲಿ ಅವರು ಸೋತರು, ಕೆಲಸ ಹೋಗುವುದು ನಿಲ್ಲಲಿಲ್ಲ. ಸೋತವರು ನಾಲ್ಕು ವರ್ಷ ಹೇಗೆ ತಡೆಯಲು ಸಾಧ್ಯ? ನನ್ನ ಪ್ರಕಾರ ಇದರಲ್ಲಿ ದುಡ್ಡಿನ ಪಾಲೇ ಜಾಸ್ತಿ. ಅಮೆರಿಕದ ಸೌಂಡ್ ಯಂತ್ರಗಳಿಗೆ ವಿಪರೀತ ಬೆಲೆ, ಅದರ ಮೇಲೆ ಲೈಸೆನ್ಸ್ ಫೀಸು. ಅದು ಮಹಾ ಕುಸಿತದ ಕಾಲ. 1931ರ ಕೊನೆಗೆ ಜಪಾನ್ ತನ್ನ ಯೆನ್ ಬೆಲೆಯನ್ನು ಚಿನ್ನಕ್ಕೆ ಕಟ್ಟುವುದನ್ನು ಬಿಟ್ಟ ಮೇಲೆ ಅದು ಬಿದ್ದುಹೋಯಿತು, ಹೊರಗಿನ ಯಂತ್ರ ಇನ್ನಷ್ಟು ತುಟ್ಟಿಯಾಯಿತು. ಹಳ್ಳಿ ಕಡೆಯ ಚಿಕ್ಕ ಥಿಯೇಟರಿನ ಮಾಲೀಕನಿಗೆ ಇದೆಲ್ಲ ಎಲ್ಲಿಂದ? ಶೋಚಿಕು ಕೂಡ ದೇಶದಲ್ಲೇ ತಯಾರಾದ ತ್ಸುಚಿಹಾಶಿ ಯಂತ್ರ ಬಳಸಿತು. ಬೆನ್ಶಿಯ ಪಾಲು ಏನೆಂದರೆ, ಅವನು ಇದ್ದದ್ದರಿಂದ ಯಾರಿಗೂ ಅವಸರ ಇರಲಿಲ್ಲ. ಜನರಿಗೆ ಮಾತು ಹೇಗೂ ಸಿಗುತ್ತಿತ್ತು. ಸದ್ದಿಲ್ಲದ ಸಿನಿಮಾ ಅಮೆರಿಕದವರಿಗೆ ಹಳತು ಅನ್ನಿಸಿದ ಹಾಗೆ ಇವರಿಗೆ ಅನ್ನಿಸಲು ಅದು ಸದ್ದಿಲ್ಲದ್ದೇ ಆಗಿರಲಿಲ್ಲವಲ್ಲ.

ಕೆಲಸ ಕಳೆದುಕೊಂಡ ಬೆನ್ಶಿಗಳಲ್ಲಿ ಒಬ್ಬನ ಹೆಸರು ಸುದಾ ತೇಯಿಮೇಯಿ. ಮನೆಯಲ್ಲಿ ಕರೆಯುತ್ತಿದ್ದ ಹೆಸರು ಹೇಯಿಗೊ, ಮುಂದೆ ದೊಡ್ಡ ನಿರ್ದೇಶಕನಾದ ಕುರೊಸಾವಾ ಅಕಿರಾನ ಅಣ್ಣ. ಕುರೊಸಾವಾ ತನ್ನ ಆತ್ಮಕಥೆಯಲ್ಲಿ ಅಣ್ಣನ ಬಗ್ಗೆ ಬರೆದ ಪುಟಗಳನ್ನು ಓದದೆ ಅವನ ಸಿನಿಮಾ ನೋಡಬಾರದು ಅಂತ ನಾನು ಹಟ ಹಿಡಿಯುತ್ತೇನೆ. 1923ರ ಸೆಪ್ಟೆಂಬರ್ 1ರ ಭೂಕಂಪದಲ್ಲಿ ಟೋಕಿಯೋ ಸುಟ್ಟುಹೋದಾಗ ಕುರೊಸಾವಾಗೆ 13. ಅಣ್ಣ ಅವನನ್ನು ಕರೆದುಕೊಂಡು ಊರು ತೋರಿಸಲು ಹೊರಟ. ಎಲ್ಲಿ ನೋಡಿದರೂ ಹೆಣ. ಹುಡುಗ ಮುಖ ತಿರುಗಿಸಿದರೆ ಅಣ್ಣ ಗದರಿಸಿ ನೋಡು ಅನ್ನುತ್ತಿದ್ದ. ಕಣ್ಣು ಮುಚ್ಚಿದರೆ ಹೆದರಿಕೆ, ನೇರ ನೋಡಿದರೆ ಹೆದರಿಕೆ ಇರುವುದಿಲ್ಲ ಅಂತ ಆಮೇಲೆ ವಿವರಿಸಿದನಂತೆ. ಯಾವ ಸಿನಿಮಾ ನೋಡಬೇಕು, ಯಾವ ಪುಸ್ತಕ ಓದಬೇಕು ಅಂತ ತಮ್ಮನಿಗೆ ಹೇಳಿಕೊಟ್ಟವನೂ ಅವನೇ. ಹೇಯಿಗೊ ವಿದೇಶಿ ಸಿನಿಮಾಗಳ ಬೆನ್ಶಿ, ಮುಷ್ಕರದ ಮುಂದಾಳುಗಳಲ್ಲಿ ಒಬ್ಬ. 1933ರಲ್ಲಿ ತನ್ನ ಜೀವ ತಾನೇ ತೆಗೆದುಕೊಂಡ. ಟಾಕಿ ಅವನನ್ನು ಕೊಂದಿತು ಅಂತ ಬರೆಯುವವರಿದ್ದಾರೆ. ಒಬ್ಬ ಮನುಷ್ಯನ ಸಾವನ್ನು ಹಾಗೆ ಒಂದು ಸಾಲಿನಲ್ಲಿ ಮುಗಿಸಲು ನನಗೆ ಮನಸ್ಸಿಲ್ಲ, ಮೂವತ್ತರೊಳಗೆ ಸಾಯುತ್ತೇನೆ ಅಂತ ಅವನು ಮೊದಲಿಂದಲೂ ಹೇಳುತ್ತಿದ್ದ ಅಂತ ತಮ್ಮನೇ ಬರೆದಿದ್ದಾನೆ. ಎಷ್ಟೋ ವರ್ಷದ ಮೇಲೆ ಮುಸೇಯಿ ಕುರೊಸಾವಾನ ಮುಖ ನೋಡಿ ಒಂದು ಮಾತು ಹೇಳಿದನಂತೆ: ನೀನು ಥೇಟ್ ನಿನ್ನ ಅಣ್ಣನ ಹಾಗೆ, ಅವನು ನೆಗೆಟಿವ್, ನೀನು ಪಾಸಿಟಿವ್. ರೀಲಿನ ಜತೆ ಬಾಳಿದವರ ಮಾತು.

ಕುರೊಸಾವಾನ 1950ರ ‘ರಾಶೋಮೋನ್’ನಲ್ಲಿ ಸೌದೆ ಕಡಿಯುವವ ಕೊಡಲಿ ಹೊತ್ತು ಕಾಡಿನೊಳಗೆ ನಡೆಯುವ ಸೀನು ನೆನಪಿದೆಯಾ? ಮಾತೇ ಇಲ್ಲ. ಎಲೆಗಳ ನಡುವೆ ಬಿಸಿಲು, ನಡೆಯುವ ಬೆನ್ನು, ಹಿಂದೆ ಸಂಗೀತ. ಆ ಸಿನಿಮಾ ಮಾಡುವಾಗ ಮೂಕಿ ಚಿತ್ರಗಳ ಚೆಲುವನ್ನು ಮತ್ತೆ ಹುಡುಕಬೇಕು ಅನ್ನುವುದು ತನ್ನ ತಲೆಯಲ್ಲಿತ್ತು ಅಂತ ಅವನೇ ಹೇಳಿದ್ದಾನೆ.

ಇನ್ನು ನಿಮ್ಮ ಓಝು. ಅವರ ವಿಷಯದಲ್ಲಿ ಬೆನ್ಶಿಯೂ ಅಲ್ಲ, ಬರೀ ದುಡ್ಡೂ ಅಲ್ಲ, ಇನ್ನೊಂದು ಕಾರಣ ಇತ್ತು. ಅವರ ಕ್ಯಾಮೆರಾಮನ್ ಮೊಹಾರಾ ಹಿದೆಯೊ ಸ್ವಂತವಾಗಿ ಒಂದು ಸೌಂಡ್ ಯಂತ್ರ ಮಾಡುತ್ತಿದ್ದ. ಅದು ಮುಗಿಯಲಿ, ನಿನ್ನ ಯಂತ್ರದಲ್ಲೇ ನನ್ನ ಮೊದಲ ಟಾಕಿ ಅಂತ ಓಝು ಮಾತು ಕೊಟ್ಟಿದ್ದರು. ಕಂಪನಿ ಎಷ್ಟು ಗೋಗರೆದರೂ ಕಾದರು. 1936ರ ‘ಹಿತೊರಿ ಮುಸುಕೊ’ ಬಂದದ್ದು ಆ ಯಂತ್ರದಲ್ಲೇ. ಇನ್ನೊಬ್ಬ ನಿರ್ದೇಶಕ ಮಿಝೊಗುಚಿಯ 1935ರ ‘ಒರಿಝುರು ಒಸೆನ್’ ಇನ್ನೊಂದು ಥರ: ಸಿನಿಮಾ ಮೂಕಿ, ಆದರೆ ಬೆನ್ಶಿ ಮತ್ಸುಯಿ ಸುಯಿಸೇಯಿ ಹೇಳಿದ ಮಾತನ್ನು ರೀಲಿನಲ್ಲೇ ಅಚ್ಚು ಹಾಕಿಬಿಟ್ಟರು. ಬೆನ್ಶಿಗಳು ಹೇಗಿದ್ದರು ಅಂತ ಕೇಳಬೇಕಾದರೆ ಅದು ಒಳ್ಳೇ ದಾರಿ.

ಉಳಿದವರು ಎಲ್ಲಿ ಹೋದರು? ಮುಸೇಯಿ ರೇಡಿಯೋಗೆ ಹೋಗಿ ಇನ್ನೂ ದೊಡ್ಡ ಹೆಸರು ಮಾಡಿದ. ಕೆಲವರು ಹಾಸ್ಯ ಹೇಳುವ ವೇದಿಕೆಗೆ ಹೋದರು. ತುಂಬಾ ಜನ ಸೈಕಲ್ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಬೀದಿ ಬೀದಿಯಲ್ಲಿ ಮಕ್ಕಳಿಗೆ ಚಿತ್ರ ತೋರಿಸಿ ಕಥೆ ಹೇಳುವ ಕಮಿಶಿಬಾಯಿಗೆ ಇಳಿದರು. ಮಿಠಾಯಿ ಕೊಂಡ ಮಕ್ಕಳಿಗೆ ಮುಂದಿನ ಸಾಲು. ಜಪಾನಿನ ಹಿಡಿತದಲ್ಲಿದ್ದ ಕೊರಿಯಾ, ತೈವಾನ್‌ಗಳಲ್ಲೂ ಅವರವರ ಭಾಷೆಯ ಬೆನ್ಶಿಗಳಿದ್ದರು. ಕೊರಿಯಾದಲ್ಲಿ ಅವರನ್ನು ಬ್ಯೊನ್ಸಾ ಅನ್ನುತ್ತಿದ್ದರು. ಹವಾಯಿ, ಕ್ಯಾಲಿಫೋರ್ನಿಯಾಗಳಿಗೆ ವಲಸೆ ಹೋದ ಜಪಾನಿಯರೂ ಬೆನ್ಶಿ ಇಲ್ಲದೆ ಸಿನಿಮಾ ನೋಡಲಿಲ್ಲ.

ರೀಲುಗಳ ಗತಿ ಮಾತ್ರ ಕೇಳಬೇಡಿ. ಭೂಕಂಪ, ಯುದ್ಧದ ಬಾಂಬು, ಬೇಗ ಬೆಂಕಿ ಹತ್ತುವ ನೈಟ್ರೇಟ್ ಫಿಲಂ, ಎಲ್ಲಕ್ಕಿಂತ ಜಾಸ್ತಿಯಾಗಿ ಕಂಪನಿಗಳ ಉದಾಸೀನ. 1920ರ ದಶಕದ ಸಿನಿಮಾಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ಉಳಿದಿವೆ. ಉಳಿದದ್ದಕ್ಕೆ ನಾವು ಋಣಿಯಾಗಿರಬೇಕಾದವರಲ್ಲಿ ಮತ್ಸುದಾ ಶುನ್ಸುಯಿ ಒಬ್ಬರು. ಬೆನ್ಶಿಯ ಮಗ, ಚಿಕ್ಕಂದಿನಲ್ಲೇ ಬೆನ್ಶಿ. ಯುದ್ಧ ಮುಗಿದ ಮೇಲೆ ಯಾರಿಗೂ ಬೇಡವಾದ ಹಳೇ ರೀಲುಗಳನ್ನು ಹುಡುಕಿ ಹುಡುಕಿ ಕೂಡಿಹಾಕಿದರು, 1959ರಲ್ಲಿ ಮೂಕಿ ಚಿತ್ರ ನೋಡುವವರ ಸಂಘ ಕಟ್ಟಿದರು. 1972ರಲ್ಲಿ ಅವರು ಮಿಝೊಗುಚಿಯ ‘ತಾಕಿ ನೋ ಶಿರಾಯಿತೊ’ಗೆ ಮಾತು ಹೇಳುವುದನ್ನು ಕೇಳಿದ ಸವಾತೊ ಮಿದೋರಿ ಅನ್ನುವ ಯುವತಿ ಅದೇ ವರ್ಷ ಅವರ ಶಿಷ್ಯೆಯಾದರು. ಇವತ್ತು ಬೆನ್ಶಿ ಅಂದ ತಕ್ಷಣ ಜಪಾನಿನಲ್ಲಿ ನೆನಪಾಗುವ ಹೆಸರು ಅವರದು. ಅವರ ಶಿಷ್ಯ ಕತಾವೊಕಾ ಇಚಿರೋ ದೇಶ ದೇಶ ತಿರುಗುತ್ತಾರೆ. ಸುವೊ ಮಸಾಯುಕಿ 2019ರಲ್ಲಿ ಬೆನ್ಶಿಗಳ ಮೇಲೇ ಒಂದು ಸಿನಿಮಾ ಮಾಡಿದರು.

ಎಲ್ಲಿಂದ ಶುರು ಮಾಡಬೇಕು ಅಂದಿರಿ. ಓಝು ಅವರ 1932ರ ‘ಉಮಾರೆತೆ ವಾ ಮಿತಾ ಕೆರೆದೊ’ದಿಂದ ಮಾಡಿ. ಇದರ ಇಂಗ್ಲಿಷ್ ಹೆಸರಿನಲ್ಲಿ ಒಂದು ಸೊಗಸು ತಪ್ಪಿಹೋಗಿದೆ, ಕನ್ನಡದಲ್ಲಿ ತಪ್ಪುವುದಿಲ್ಲ. ನಾವು ‘ಮಾಡಿ ನೋಡು’, ‘ತಿಂದು ನೋಡು’ ಅನ್ನುತ್ತೇವಲ್ಲ, ಜಪಾನಿಯಲ್ಲೂ ಥೇಟ್ ಅದೇ ರೂಢಿ. ಹೆಸರಿನ ಅರ್ಥ: ‘ಹುಟ್ಟಿಯೇನೋ ನೋಡಿದೆ, ಆದರೆ...’ ಇಬ್ಬರು ಹುಡುಗರು, ಅವರ ಅಪ್ಪ ತನ್ನ ಆಫೀಸಿನ ಸಾಹೇಬರ ಮನೆಯಲ್ಲಿ ತೋರಿಸಿದ ಮನೆಸಿನಿಮಾದಲ್ಲಿ ಕೋಡಂಗಿಯ ಹಾಗೆ ಮುಖ ಸೊಟ್ಟ ಮಾಡಿ ಎಲ್ಲರನ್ನೂ ನಗಿಸುವುದನ್ನು ನೋಡಿ ಕುಸಿದುಹೋಗುತ್ತಾರೆ. ಮನೆಗೆ ಬಂದು ಊಟ ಬಿಟ್ಟು ಕೂರುತ್ತಾರೆ.

ಮೊದಲು ಒಂದು ಸಲ ಸೌಂಡ್ ಇಲ್ಲದೆ ನೋಡಿ, ಪರವಾಗಿಲ್ಲ. ಆಮೇಲೆ ಬೆನ್ಶಿ ಮಾತಿರುವ ಕಾಪಿ ಸಿಕ್ಕರೆ ಅದನ್ನು ನೋಡಿ. ಜಪಾನಿ ಬಾರದಿದ್ದರೂ ಕೇಳಿ, ದನಿ ಸಾಕು. ಆ ಮನೆಸಿನಿಮಾದಲ್ಲಿ ಮೊದಲು ಝೂನ ಪ್ರಾಣಿಗಳು ಬರುತ್ತವೆ. ಝೀಬ್ರಾ ನೋಡಿ ಹುಡುಗರಲ್ಲಿ ಜಗಳ: ಬಿಳಿ ಮೇಲೆ ಕಪ್ಪು ಪಟ್ಟೆಯಾ, ಕಪ್ಪು ಮೇಲೆ ಬಿಳಿ ಪಟ್ಟೆಯಾ? ಅಲ್ಲಿ ಬೆನ್ಶಿಗೆ ಒಳ್ಳೇ ಅವಕಾಶ, ಇಬ್ಬರ ದನಿಯಲ್ಲೂ ಕಿತ್ತಾಡಬಹುದು. ಸ್ವಲ್ಪ ಹೊತ್ತಿಗೆ ಅಪ್ಪನ ಸೊಟ್ಟ ಮುಖ ಪರದೆ ಮೇಲೆ ಬರುತ್ತದೆ. ಅಲ್ಲಿ ಬೆನ್ಶಿ ಮಾತಾಡುತ್ತಾನಾ, ಬಾಯಿ ಮುಚ್ಚುತ್ತಾನಾ ಅನ್ನುವುದನ್ನು ಗಮನಿಸಿ.